ದೋಣಿ ನೀರಿಗಿಳಿಯುವ ಮೊದಲು

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ, ವರ್ಷವಿಡೀ ಮೈದುಂಬಿ ಹರಿಯುವ ಹೊಳೆಯೂ ಇಲ್ಲ. ದೋಣಿ ಕೆಲಸವೆಂದರೆ ಮಲ್ಪೆ, ಮಂಗಳೂರು, ಕಾರವಾರದವರ ಪಾಡು, ಅದರ ಗೊಡವೆ ನಮಗೇಕೆ ಎಂದು ತುಮಕೂರು ಸೀಮೆಯವರಿಗೆ ಅನ್ನಿಸುವುದು ಸಹಜ. ಆದರೆ ಕೆರೆಗಳ ಲೆಕ್ಕಕ್ಕೆ ಬಂದರೆ ನಾವು ಬಡವರಲ್ಲ. ನಗರದ ಮಗ್ಗುಲಲ್ಲೇ ಅಮಾನಿಕೆರೆ. ಗುಬ್ಬಿ ತಾಲ್ಲೂಕಿನಲ್ಲಿ, ಶ್ರೀರಾಮನೇ ಕಟ್ಟಿಸಿದ್ದೆಂದು ಜನ ನಂಬಿರುವ ಕಡಬದ ಕೆರೆ. ಕುಣಿಗಲ್ಲಿನಲ್ಲಿ ಜನಪದರು ಹಾಡಿ ಹೊಗಳಿದ ದೊಡ್ಡಕೆರೆ, ಅದೇ ತಾಲ್ಲೂಕಿನಲ್ಲಿ ಶಿಂಷೆಗೆ ಅಡ್ಡ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ಇಲ್ಲೆಲ್ಲ ನೀರಿದ್ದಷ್ಟು ಕಾಲ ದೋಣಿಯೂ ಬೇಕು. ಮೀನು ಹಿಡಿಯಲು ಹರಿಗೋಲು ಬೇಕು, ಕೆರೆ ತುಂಬಿದ ವರ್ಷ ದೇವರ ತೆಪ್ಪೋತ್ಸವಕ್ಕೆ ತೆಪ್ಪ ಕಟ್ಟಬೇಕು, ಮಳೆ ನೀರು ಬಡಾವಣೆಗೆ ನುಗ್ಗಿದ ರಾತ್ರಿ ಅಗ್ನಿಶಾಮಕ ದಳದವರಿಗೆ ರಬ್ಬರ್ ದೋಣಿ ಬೇಕು. ಅಮಾನಿಕೆರೆಯ ಅಭಿವೃದ್ಧಿಯ ಮಾತು ಎದ್ದಾಗಲೆಲ್ಲ ಬೋಟಿಂಗ್ ಎಂಬ ಪದ ಅದರ ಜೊತೆಗೇ ಬರುತ್ತದೆ. ಗಾಜಿನ ಮನೆ ನೋಡಿಕೊಂಡು ಬರುವ ಸಂಸಾರ ಒಂದು ಸುತ್ತು ದೋಣಿಯಲ್ಲಿ ಹೋಗಿಬರಲಿ ಎಂಬುದು ಒಳ್ಳೆಯ ಆಸೆಯೇ.

ಈ ಮಾತುಕತೆಯಲ್ಲಿ ಯಾವತ್ತೂ ಹೆಸರು ಬರದ ಒಬ್ಬ ಮನುಷ್ಯನಿದ್ದಾನೆ. ದೋಣಿ ಎಷ್ಟು, ಟಿಕೆಟ್ ಎಷ್ಟು, ಗುತ್ತಿಗೆ ಯಾರಿಗೆ ಎಂಬ ಚರ್ಚೆ ಸಾಕಷ್ಟು ನಡೆಯುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದೋಣಿಯ ಹೊಟ್ಟೆಯಲ್ಲಿ ನಿಂತ ನೀರು ಮೊಗೆದು ಚೆಲ್ಲುವವನು, ಹಗ್ಗ ಎಳೆದು ನೋಡುವವನು, ಬಿರುಕಿಗೆ ತೇಪೆ ಹಾಕುವವನು, ಲೈಫ್ ಜಾಕೆಟ್‌ನ ಬಕಲು ಪರೀಕ್ಷಿಸುವವನು ಯಾರು ಎಂದು ಯಾರೂ ಕೇಳುವುದಿಲ್ಲ. ಸಮುದ್ರ ತೀರದ ಬೋಟ್‌ಯಾರ್ಡುಗಳಲ್ಲಿ, ಹೊರದೇಶಗಳ ಮರೀನಾಗಳಲ್ಲಿ ಇದೊಂದು ಪೂರ್ಣ ಪ್ರಮಾಣದ ಉದ್ಯೋಗ. ಅದಕ್ಕೆ ತರಬೇತಿಯುಂಟು, ಸಂಬಳದ ಶ್ರೇಣಿಯುಂಟು, ಮರ್ಯಾದೆಯುಂಟು. ನಮ್ಮಲ್ಲಿ ಇದು ಹೆಲ್ಪರ್ ಕೆಲಸ, ದಿನಗೂಲಿ. ದಡದ ಮೇಲಿನ ಈ ಕೆಲಸ ಕಸುಬೆಂದು ಗುರುತಾಗುವವರೆಗೆ ನಮ್ಮ ಕೆರೆಗಳಲ್ಲಿ ಜನರನ್ನು ಹೊತ್ತ ದೋಣಿ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕೆಲಸದಲ್ಲಿ ಏನೇನಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ನಮ್ಮದೇ ಆದ ಹರಿಗೋಲಿನಿಂದ ಶುರು ಮಾಡೋಣ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ತುಂಗಭದ್ರೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅವತ್ತಿನ ಕಟ್ಟೋಣವೇ ಇವತ್ತಿಗೂ ಉಳಿದಿದೆ. ಬಿದಿರು ಸೀಳಿ, ತಳದಿಂದ ಅಡ್ಡಡ್ಡ ಉದ್ದುದ್ದ ಹೆಣೆಯುತ್ತ ಬಂದು, ಅಂಚಿಗೆ ದಪ್ಪ ಬಳೆ ಕಟ್ಟಿ ಬಿಗಿಯುತ್ತಾರೆ. ತೊಗಲು ಹೋಗಿದೆ, ಅದರ ಜಾಗಕ್ಕೆ ಗೊಬ್ಬರದ ಚೀಲ, ಸಿಮೆಂಟ್ ಚೀಲಗಳ ಹೊಲಿಗೆ ಬಂದಿದೆ, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಯಿಸಿದ ಡಾಂಬರು. ತಳ ಚಪ್ಪಟೆ, ಹಿಂದುಮುಂದು ಎಂಬುದಿಲ್ಲ. ಒಬ್ಬನೇ ತಲೆಯ ಮೇಲೆ ಹೊತ್ತು ಏರಿ ಇಳಿದು ಬರಬಹುದು. ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ.

ಕುಣಿಗಲ್ ಕೆರೆಯ ದಡದಲ್ಲಿ ಒಬ್ಬರು ಹರಿಗೋಲು ಮಗುಚಿ ಹಾಕಿ ಕೂತಿದ್ದರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ತಗಡಿನ ಡಬ್ಬಿಯಲ್ಲಿ ಕುದಿಯುತ್ತಿದ್ದ ಡಾಂಬರು.

"ಇನ್ನೂ ಯಾಕಣ್ಣ ಹಚ್ಚಿಲ್ಲ?" ಎಂದೆ.

"ಬಿಸ್ಲು ಕುಡೀಬೇಕು ಸ್ವಾಮಿ. ಹಸಿ ಮೇಲೆ ಹಚ್ಚುದ್ರೆ ಕೂರಲ್ಲ. ಇವತ್ತು ಕೂತಂಗೆ ಕಾಣ್ತದೆ, ನಾಳಿಕ್ಕೆ ನಡುನೀರಲ್ಲಿ ಎದ್ದು ಬತ್ತದೆ."

ಅವರು ಅಂಗೈಯಿಂದ ಮೈಯೆಲ್ಲ ಸವರಿ ನೋಡುತ್ತಿದ್ದರು. ಕಣ್ಣಿಗೆ ಒಂದೂ ತೂತು ಕಾಣದಿದ್ದ ಕಡೆ ಬೆರಳು ನಿಲ್ಲಿಸಿ, ಅಲ್ಲೊಂದು ಬಿದಿರ ಸೀಳು ಒಳಗೇ ಮುರಿದಿದೆ ಎಂದರು. ಒತ್ತಿ ತೋರಿಸಿದಾಗ ಆ ಜಾಗ ಉಳಿದ ಕಡೆಗಿಂತ ಮೆತ್ತಗಿತ್ತು. ಮೇಲೆ ಎಷ್ಟು ಡಾಂಬರು ಬಳಿದರೂ, ಒಳಗೆ ಸೀಳು ಬದಲಿಸದಿದ್ದರೆ ಅದರ ಮೊನೆ ಚೀಲವನ್ನು ತಿವಿದು ತಿವಿದು ಹರಿಯುತ್ತದಂತೆ. ಆಮೇಲೆ ಡಾಂಬರಿಗೆ ಒಣ ಬೂದಿ ಬೆರೆಸಿ ಕಲಕಿದರು, ಬಿಸಿಲಿಗೆ ಕರಗಿ ಜಾರದಿರಲಿ ಎಂದು. ಹಳೆಯ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ದಿಕ್ಕಿಗೆ ಎಳೆಯುತ್ತ ಹಚ್ಚಿದರು. ಕೆರೆಯ ಮಣ್ಣಿನ ಗುಣ, ಬಿದಿರು ಕಡಿಯುವ ಹಂಗಾಮು, ಗಾಳಿ ತಿರುಗುವ ಹೊತ್ತು, ಎಲ್ಲವೂ ಅವರಿಗೆ ಗೊತ್ತು. ಸರ್ಕಾರದ ಯಾವ ಕಾಗದದಲ್ಲೂ ಈ ತಿಳಿವಳಿಕೆಗೆ ಒಂದು ಕಾಲಂ ಇಲ್ಲ.

ನಮ್ಮ ಕೆರೆಗಳಿಗೆ ಒಂದು ವಿಶೇಷ ತೊಂದರೆಯಿದೆ, ಅದನ್ನು ಹೊರಗಿನಿಂದ ಬಂದ ದೋಣಿ ಕಂಪನಿಯವರು ಎಣಿಸಿರುವುದಿಲ್ಲ. ಬರದ ವರ್ಷಗಳಲ್ಲಿ ಕೆರೆಯಂಗಳದಲ್ಲಿ ಕರಿಜಾಲಿ, ಬಳ್ಳಾರಿ ಜಾಲಿ ಬೆಳೆದು ಮೆಳೆಯಾಗುತ್ತದೆ. ಸೌದೆಗೆ ಕಡಿದುಕೊಂಡು ಹೋದಮೇಲೂ ಮೋಟು ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆ ತುಂಬಿತೆಂದರೆ ಆ ಮೋಟುಗಳು ನೀರಿನಡಿಯಲ್ಲಿ ಈಟಿಯಂತೆ ನಿಂತಿರುತ್ತವೆ. ನೀರು ಒಂದಡಿ ಇಳಿದರೆ ನಿನ್ನೆ ಸಲೀಸಾಗಿ ಹೋದ ದಾರಿಯಲ್ಲೇ ಇವತ್ತು ದೋಣಿಯ ತಳ ಕೆರೆಯುತ್ತದೆ. ಹರಿಗೋಲಿನವರಿಗೆ ಮೋಟು ಎಲ್ಲಿದೆ ಎಂಬುದು ಕಂಠಪಾಠ. ಕೆರೆ ಬತ್ತಿದಾಗ ಅಲ್ಲೇ ಓಡಾಡಿ ಕುರಿ ಮೇಯಿಸಿದವರಲ್ಲವೇ ಅವರು! ಬೋಟಿಂಗ್ ದಾರಿ ಗುರುತಿಸುವಾಗ ಇಂಥವರನ್ನು ಕರೆದು ಕೇಳುವುದಕ್ಕಿಂತ ಒಳ್ಳೆಯ ನಕ್ಷೆ ಬೇರೆಲ್ಲೂ ಸಿಗದು.

ಈಗ ಬೋಟಿಂಗ್‌ಗೆ ಬರುವ ದೋಣಿಗಳು ಹೆಚ್ಚಾಗಿ ಫೈಬರ್‌ನವು. ಕಾಲಲ್ಲಿ ತುಳಿಯುವ ಪೆಡಲ್ ದೋಣಿ ಇರಲಿ, ಮೋಟಾರು ಹಾಕಿದ ಹತ್ತಿಪ್ಪತ್ತು ಸೀಟಿನದಿರಲಿ, ಮೈ ಗಾಜಿನ ನಾರು ಮತ್ತು ರೆಸಿನ್‌ನದು. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಹಾಗಾಗಿ ಇದಕ್ಕೆ ಆರೈಕೆಯೇ ಬೇಡ ಎಂದು ಕೊಂಡವರು ತಿಳಿದುಬಿಡುತ್ತಾರೆ. ದಡಕ್ಕೆ ಎಳೆಯುವಾಗ ಕಲ್ಲಿಗೆ ಉಜ್ಜಿ, ಮೋಟಿಗೆ ತಾಗಿ, ಇನ್ನೊಂದು ದೋಣಿಗೆ ಡಿಕ್ಕಿ ಹೊಡೆದು ಮೇಲಿನ ಹೊಳಪಿನ ಪದರ, ಅಂದರೆ ಜೆಲ್‌ಕೋಟ್, ಸೀಳುತ್ತದೆ. ಆ ಸೀಳಿನಿಂದ ನೀರು ಒಳಪದರಕ್ಕೆ ಇಳಿದು ನಿಧಾನವಾಗಿ ನಾರನ್ನೂ ರೆಸಿನ್ನನ್ನೂ ಬೇರ್ಪಡಿಸುತ್ತದೆ. ಮೇಲಿನಿಂದ ನೋಡಿದರೆ ಬಣ್ಣ ಚೆನ್ನಾಗಿಯೇ ಇರುತ್ತದೆ.

ಕೆಲಸ ಬಲ್ಲವನು ಕಣ್ಣನ್ನು ನಂಬುವುದಿಲ್ಲ, ಕಿವಿಯನ್ನು ನಂಬುತ್ತಾನೆ. ಐದು ರೂಪಾಯಿ ನಾಣ್ಯವೋ ಸ್ಕ್ರೂಡ್ರೈವರ್ ಹಿಡಿಯೋ ತೆಗೆದುಕೊಂಡು ದೋಣಿಯ ಮೈಯನ್ನು ಗೇಣು ಗೇಣಿಗೂ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಿರುವ ಕಡೆ ಟಣ್ ಎಂದು ಸ್ಪಷ್ಟ ಸದ್ದು. ಪದರ ಬಿಟ್ಟ ಕಡೆ ಬೊದ್ ಎಂಬ ಮಂದ ಸದ್ದು. ಎಲ್ಲಿ ಸದ್ದು ಬದಲಾಯಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಗೆರೆ ಕೂಡಿಕೊಂಡು ಒಂದು ನಕ್ಷೆಯಾದ ಮೇಲೆ ಗೊತ್ತಾಗುತ್ತದೆ, ಇದು ಬರೀ ಮೇಲ್ಪದರದ ಕೂದಲು ಸೀಳೋ ಅಥವಾ ದೋಣಿಯ ಮೈಯೇ ಸೋತಿದೆಯೋ ಎಂದು.

ಮೈ ಸೋತಿದ್ದರೆ ಮೇಲೊಂದು ಎಂ-ಸೀಲ್ ಮೆತ್ತಿ ಬಣ್ಣ ಬಳಿಯುವುದು ಮೋಸ. ಸರಿಯಾದ ರಿಪೇರಿಗೆ ಮೊದಲು ದೋಣಿ ಪೂರ್ತಿ ಒಣಗಬೇಕು. ನಂತರ ಕೆಟ್ಟ ಭಾಗವನ್ನು ಗ್ರೈಂಡರ್‌ನಿಂದ ಉಜ್ಜಿ ತೆಗೆದು, ಸುತ್ತಲೂ ಇಳಿಜಾರು ಮಾಡಬೇಕು. ದೋಣಿಯ ಗೋಡೆ ಎಷ್ಟು ದಪ್ಪವೋ ಅದರ ಹನ್ನೆರಡು ಪಟ್ಟು ಅಗಲದ ಇಳಿಜಾರು ಎಂಬುದು ಕಸುಬಿನ ಲೆಕ್ಕ. 5 ಮಿಲಿಮೀಟರ್ ದಪ್ಪದ ಮೈಗೆ 60 ಮಿಲಿಮೀಟರ್. ಅಂಗೈಯಗಲದ ಪೆಟ್ಟಿಗೆ ಮೊರದಗಲ ಉಜ್ಜಬೇಕಾಗುತ್ತದೆ. ಮಾಲೀಕನಿಗೆ ಎದೆ ಧಸಕ್ಕೆನ್ನುವುದು ಇಲ್ಲೇ, ಇಷ್ಟೊಂದು ಯಾಕೆ ಕೆರೆದೆ ಎಂದು ಬೈಯುವುದೂ ಇಲ್ಲೇ. ಹೊಸ ಪದರ ಹಳೆಯ ಮೈಗೆ ಅಂಟಿಕೊಳ್ಳಲು ಆ ಅಗಲ ಬೇಕೇ ಬೇಕು. ಅಸಿಟೋನ್‌ನಲ್ಲಿ ಒರೆಸಿ, ಗಾಜಿನ ಮ್ಯಾಟನ್ನು ಚಿಕ್ಕದರಿಂದ ದೊಡ್ಡದಕ್ಕೆ ಅಳತೆ ಏರಿಸುತ್ತ ಕತ್ತರಿಸಿ, ಒಂದೊಂದೇ ಹಾಸಿ ರೆಸಿನ್ ಕುಡಿಸಬೇಕು. ಪದರದೊಳಗೆ ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯಬೇಕು. ಉಳಿದ ಒಂದೊಂದು ಗುಳ್ಳೆಯೂ ಮುಂದಿನ ವರ್ಷದ ಬಿರುಕು.

ರೆಸಿನ್ ಕಲಸುವುದರಲ್ಲಿ ಜೀವಕ್ಕೇ ಅಪಾಯವಿದೆ. ಅದಕ್ಕೆ ಕೋಬಾಲ್ಟ್ ಎಂಬ ವೇಗವರ್ಧಕ, ಎಂಇಕೆಪಿ ಎಂಬ ಹಾರ್ಡ್‌ನರ್ ಎರಡೂ ಸೇರಬೇಕು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಕಿ, ಹಾರ್ಡ್‌ನರ್ ಆಮೇಲೆ, ನೂರಕ್ಕೆ ಒಂದೆರಡು ಭಾಗದಷ್ಟು ಮಾತ್ರ. ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಹಾರ್ಡ್‌ನರ್‌ನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಅಂಗಡಿಯಲ್ಲಿ ಇವೆರಡೂ ಲೇಬಲ್ ಇಲ್ಲದ ಸಣ್ಣ ಬಾಟಲಿಗಳಲ್ಲಿ ಬರುವುದುಂಟು. ಕೆಲಸದ ಹುಡುಗ ಬರಿಗೈಯಲ್ಲಿ, ಕನ್ನಡಕವಿಲ್ಲದೆ, ಟೀ ಲೋಟದಲ್ಲಿ ಅಂದಾಜಿನ ಮೇಲೆ ಕಲಸುವುದುಂಟು. ಏಪ್ರಿಲ್ ಬಿಸಿಲಿನಲ್ಲಿ ರೆಸಿನ್ ಬೇಗ ಗಟ್ಟಿಯಾಗುವುದರಿಂದ ಹಾರ್ಡ್‌ನರ್ ಕಡಿಮೆ ಮಾಡಿ ಬೆಳಗಿನ ತಂಪಿನಲ್ಲೇ ಮುಗಿಸಬೇಕು ಎಂಬುದು ಅನುಭವಿಗಳಿಗೆ ಗೊತ್ತು, ಹೊಸಬರಿಗೆ ಹೇಳಿಕೊಡುವವರಿಲ್ಲ. ಉಜ್ಜುವಾಗ ಏಳುವ ಗಾಜಿನ ಧೂಳು ಮೈಯೆಲ್ಲ ನವೆ ಹತ್ತಿಸುತ್ತದೆ, ಉಸಿರಲ್ಲಿ ಒಳಗೆ ಹೋಗುತ್ತದೆ. ರೆಸಿನ್‌ನ ಘಾಟಿನಲ್ಲಿರುವ ಸ್ಟೈರೀನ್ ತಲೆ ಸುತ್ತಿಸುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇವೆರಡಕ್ಕೂ ಏನೂ ಮಾಡಲಾರದು. ಸರಿಯಾದ ಮಾಸ್ಕ್, ಗ್ಲೌಸ್, ಕಣ್ಣಿಗೆ ಕನ್ನಡಕ ಕೊಡಿಸುವುದು ಮಾಲೀಕನ ಹೊಣೆ. ಬೋಟಿಂಗ್ ಗುತ್ತಿಗೆಯ ಕರಾರಿನಲ್ಲಿ ಇದು ಅಕ್ಷರದಲ್ಲಿ ಇರಬೇಕು.

ಇದೇ ಫೈಬರ್ ಕೆಲಸ ಬಲ್ಲವರು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಬಚ್ಚಲುಮನೆಯ ಫೈಬರ್ ಬಾಗಿಲು, ನೀರಿನ ಟ್ಯಾಂಕು, ಮಾಡಿನ ಶೀಟು ಮಾಡುವ ಶೆಡ್ಡುಗಳಲ್ಲಿ ಕೈ ಪಳಗಿಸಿಕೊಂಡ ಹುಡುಗರಿದ್ದಾರೆ. ಬಾಗಿಲಿನಲ್ಲಿ ಗಾಳಿಗುಳ್ಳೆ ಉಳಿದರೆ ನಡೆಯುತ್ತದೆ, ದೋಣಿಯಲ್ಲಿ ನಡೆಯುವುದಿಲ್ಲ. ಈ ಒಂದು ಜವಾಬ್ದಾರಿಯನ್ನು ಕೆಲವು ವಾರಗಳ ತರಬೇತಿಯಲ್ಲಿ ಕಲಿಸಿಕೊಡಬಹುದು.

ಇನ್ನು ಮೋಟಾರಿನ ವಿಷಯ. ಔಟ್‌ಬೋರ್ಡ್ ಎಂಜಿನ್ ತಂಪಾಗುವುದು ಕೆರೆಯ ನೀರನ್ನೇ ಹೀರಿಕೊಂಡು. ಚಾಲೂ ಮಾಡಿದೊಡನೆ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಪಾಚಿಯೋ ಅಂತರಗಂಗೆಯ ಬೇರೋ ಪ್ಲಾಸ್ಟಿಕ್ ಕವರೋ ಸಿಕ್ಕಿಕೊಂಡಿದೆ ಎಂದರ್ಥ, ಅಥವಾ ಒಳಗಿನ ರಬ್ಬರ್ ಇಂಪೆಲ್ಲರ್ ಸವೆದಿದೆ. ಹಾಗೇ ಓಡಿಸಿದರೆ ನಡುಕೆರೆಯಲ್ಲಿ ಎಂಜಿನ್ ಕಾದು ನಿಲ್ಲುತ್ತದೆ. ನಿಂತ ದೋಣಿ ಗಾಳಿಗೆ ಅಡ್ಡ ತಿರುಗುತ್ತದೆ, ಕೂತವರು ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ಅಪಘಾತಗಳು ಆಗುವುದು ಹೀಗೆ. ದಡದವನು ಆ ಧಾರೆ ನೋಡದೆ ಹಗ್ಗ ಬಿಚ್ಚಬಾರದು. ಚಾಲಕನ ಮಣಿಕಟ್ಟಿಗೆ ಎಂಜಿನ್ ಬಂದ್ ಮಾಡುವ ಸುರುಳಿ ದಾರ ಸಿಕ್ಕಿಸಿದೆಯೇ ಎಂದೂ ನೋಡಬೇಕು. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲಬೇಕು, ಇಲ್ಲದಿದ್ದರೆ ಅವನಿಲ್ಲದೆಯೂ ದೋಣಿ ಓಡುತ್ತದೆ. ಕುಡಿಯುವ ನೀರಿಗೂ ಮೀನಿಗೂ ಆಧಾರವಾದ ಕೆರೆಗಳಲ್ಲಿ ಪೆಟ್ರೋಲು, ಆಯಿಲ್ ಸೋರುವ ಎಂಜಿನ್ ಇಳಿಸುವುದೇ ತಪ್ಪು. ಬ್ಯಾಟರಿ ಮೋಟಾರು, ಪೆಡಲು, ಹುಟ್ಟು, ಇಷ್ಟೇ ಸಾಕು ಎನ್ನುವವರ ಕಡೆ ನಾನಿದ್ದೇನೆ.

ಲೈಫ್ ಜಾಕೆಟ್ ಎಂದರೆ ಕಿತ್ತಳೆ ಬಣ್ಣದ ಯಾವುದೋ ಅಂಗಿ ಎಂದು ಹಲವರು ತಿಳಿದಂತಿದೆ. ದಿನವೆಲ್ಲ ಜನರ ಬೆವರು, ಕೆರೆಯ ನೀರು ಕುಡಿದ ಜಾಕೆಟ್‌ಗಳನ್ನು ಸಂಜೆ ಒಂದು ಮೂಲೆಯಲ್ಲಿ ರಾಶಿ ಹಾಕಿ ಹೋದರೆ ಬೂಸ್ಟು ಹಿಡಿದು ಹೊಲಿಗೆ ಕೊಳೆಯುತ್ತದೆ. ಸುಡು ಬಿಸಿಲಿನಲ್ಲಿ ಹರಡಿದರೆ ಬಟ್ಟೆ ಜೀರ್ಣವಾಗುತ್ತದೆ. ನೆರಳಿನಲ್ಲಿ ನೇತುಹಾಕಿ ಗಾಳಿಗೆ ಒಣಗಿಸಬೇಕು. ಬಕಲು ಹಿಡಿಯುತ್ತದೆಯೇ, ಪಟ್ಟಿ ಜಗ್ಗಿದರೆ ಕಿತ್ತು ಬರುತ್ತದೆಯೇ ಎಂದು ಒಂದೊಂದನ್ನೂ ನೋಡಬೇಕು. ಆಗಾಗ ಅದಕ್ಕೆ ತೂಕ ಕಟ್ಟಿ ನೀರಿಗಿಳಿಸಿ ತೇಲುತ್ತದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಒಳಗಿನ ಫೋಮ್ ಹಳತಾದಷ್ಟೂ ನಲುಗಿ ಬಲ ಕಳೆದುಕೊಳ್ಳುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲ ಸಂದಿಯಿಂದ ಹಾದು ಬರುವ ಪಟ್ಟಿ ಇರಬೇಕು. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ಉಳಿಯುತ್ತದೆ, ಮಗು ಕೆಳಗೆ ಜಾರುತ್ತದೆ.

2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ನಡೆದದ್ದನ್ನು ನಾವು ಮರೆಯಬಾರದು. ಅದೂ ಸಮುದ್ರವಲ್ಲ, ದೊಡ್ಡ ನದಿಯೂ ಅಲ್ಲ. ನಗರದೊಳಗಿನ, ಅಂದಗೊಳಿಸಿದ, ಟಿಕೆಟ್ ಇಟ್ಟ ಕೆರೆ, ಥೇಟ್ ನಮ್ಮ ಅಮಾನಿಕೆರೆಯಂಥದು. ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿ ಹೊರಬಹುದಾದ್ದಕ್ಕಿಂತ ಹೆಚ್ಚು ಮಂದಿಯನ್ನು ಹತ್ತಿಸಿದ್ದರು, ಹಲವರಿಗೆ ಜಾಕೆಟ್ಟೇ ಇರಲಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿದ್ದು ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದು. 22 ಜೀವ ಹೋಯಿತು. ನಮ್ಮ ರಾಜ್ಯದಲ್ಲೇ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ದೂರದ ಹಾವೇರಿ ಜಿಲ್ಲೆಯಿಂದ ಬಂದಿದ್ದವರೂ ಇದ್ದರು, ನಮ್ಮ ಹಾಗೆಯೇ ಬಯಲುಸೀಮೆಯವರು.

ಈ ಮೂರರಲ್ಲೂ ಸಾಮಾನ್ಯವಾದ ಪ್ರಶ್ನೆ ಒಂದಿದೆ. ದೋಣಿ ದಡ ಬಿಡುವಾಗ 'ಇಷ್ಟು ಜನ ಬೇಡ, ಇಳೀರಿ' ಎನ್ನುವ ಅಧಿಕಾರ ದಡದಲ್ಲಿ ಯಾರಿಗಿತ್ತು? ಚಾಲಕನಿಗೆ ಟ್ರಿಪ್ಪಿನ ಅವಸರ, ಟಿಕೆಟ್ ಹರಿಯುವವನಿಗೆ ಕಲೆಕ್ಷನ್ನಿನ ಚಿಂತೆ. ದಿನಗೂಲಿಯ ಹುಡುಗ ಬೇಡ ಎಂದರೆ ನಾಳೆ ಅವನಿಗೆ ಕೆಲಸವಿಲ್ಲ. ದಡದ ಕೆಲಸಗಾರನಿಗೆ ತರಬೇತಿಯ ಪತ್ರ, ಕಾಯಂ ಸಂಬಳ ಮತ್ತು ದೋಣಿಯನ್ನು ತಡೆದು ನಿಲ್ಲಿಸುವ ಹಕ್ಕು ಮೂರೂ ಒಟ್ಟಿಗೆ ಬೇಕು ಎನ್ನುವುದು ಇದಕ್ಕೇ.

ನೀರಿನ ಅಪಾಯ ನಮ್ಮ ಮನೆಬಾಗಿಲಿಗೂ ಬಂದುಹೋಗಿದೆ. ಮಾರ್ಕೋನಹಳ್ಳಿ ಜಲಾಶಯ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೇಲುಸ್ತುವಾರಿಯಲ್ಲಿ ಕಟ್ಟಿದ್ದು. ನೀರು ಒಂದು ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತದೆಯೇ ತಾನಾಗಿ ಹರಿದು ಹೋಗುವ ಸೈಫನ್ ವ್ಯವಸ್ಥೆ ಅದರ ಹೆಮ್ಮೆ. 2025ರ ಅಕ್ಟೋಬರ್‌ನಲ್ಲಿ ಅದೇ ಸೈಫನ್ ನೀರು ಒಮ್ಮೆಲೇ ನುಗ್ಗಿ, ಪ್ರವಾಸಕ್ಕೆಂದು ತುಮಕೂರಿನಿಂದ ಹೋಗಿ ಕೆಳಗೆ ನೀರಿಗಿಳಿದಿದ್ದ ಕುಟುಂಬದವರು ಕೊಚ್ಚಿಹೋದರು. ಅಲ್ಲಿ ದೋಣಿಯ ಮಾತಿರಲಿಲ್ಲ. ಆದರೆ ಹಗ್ಗ, ಟ್ಯೂಬು, ಸೀಟಿ ಹಿಡಿದು ದಡದಲ್ಲಿ ನಿಂತು 'ಈಗ ಇಳಿಯಬೇಡಿ' ಎಂದು ಕೂಗುವ ಒಬ್ಬ ತಿಳಿದವನು ಇದ್ದಿದ್ದರೆ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಕರಾವಳಿಯವರಿಂದ ನಾವು ಕಲಿಯುವುದು ಬೇಕಾದಷ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನಕ್ಕಾಗಿ ಇಟ್ಟ ಆ ಬಿಡುವಿನಲ್ಲಿ ಮಲ್ಪೆಯ ದೋಣಿ ಕಟ್ಟುವ ಅಂಗಳಗಳಿಗೆ ಉಸಿರಾಡಲೂ ಪುರಸತ್ತಿರುವುದಿಲ್ಲ. ಬೋಟುಗಳನ್ನು ಮೇಲೆಳೆದು, ತಳಕ್ಕೆ ಅಂಟಿದ ಚಿಪ್ಪು ಕೆತ್ತಿ, ಮರದ ಹಲಗೆಗಳ ಸಂದಿಗೆ ಹತ್ತಿ ತುಂಬಿ ಬಿಗಿದು, ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ನೋಡಿ, ಚಿಪ್ಪು ಹತ್ತದಂಥ ಬಣ್ಣ ಬಳಿದು ಆಗಸ್ಟ್ ಹೊತ್ತಿಗೆ ಸಜ್ಜು ಮಾಡಬೇಕು. ವರ್ಷಕ್ಕೊಮ್ಮೆ ದೋಣಿ ಕಡ್ಡಾಯವಾಗಿ ಮೇಲೆ ಬರುತ್ತದೆ ಎಂಬುದೇ ಅಲ್ಲಿನ ದೊಡ್ಡ ಶಿಸ್ತು. ನಮ್ಮ ಕೆರೆಗಳಿಗೂ ಇಂಥದೊಂದು ಹಂಗಾಮು ಇದ್ದೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಗಳನ್ನು ಏರಿಗೆ ತಂದು ಒಂದು ತಿಂಗಳು ಪೂರ್ತಿ ದುರಸ್ತಿಗೆ ಬಿಡಬಹುದು. ಆ ತಿಂಗಳ ಕೂಲಿಯನ್ನೂ ಗುತ್ತಿಗೆಯ ಲೆಕ್ಕದಲ್ಲೇ ಸೇರಿಸಿದರೆ ಕೆಲಸಗಾರ ಬೇರೆ ಕೂಲಿ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದಿಲ್ಲ.

ಇದರಲ್ಲಿ ನಮ್ಮ ಹುಡುಗರಿಗೆ ಊರಾಚೆಯ ದಾರಿಯೂ ಇದೆ. ಮಲ್ಪೆಯಲ್ಲಿದ್ದ ತೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಈಗ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ ತಲಾ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳ ಗುತ್ತಿಗೆ ಅದಕ್ಕೆ ಸಿಕ್ಕಿತು. ಅಲ್ಲಿ ಬೇಕಾಗಿರುವುದು ವೆಲ್ಡರ್, ಫಿಟ್ಟರ್, ಪೈಪ್ ಕೆಲಸದವರು, ಪೇಂಟರ್. ತುಮಕೂರು, ಗುಬ್ಬಿ, ಕುಣಿಗಲ್ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಓದುವ ಹುಡುಗರಿಗೆ ಕಾರ್ಖಾನೆಯ ಗೇಟು ಮಾತ್ರ ಗೊತ್ತಿದೆ, ಹಡಗುಕಟ್ಟೆಯೂ ಒಂದು ಕಾರ್ಖಾನೆ ಎಂದು ಹೇಳಿದವರು ಕಡಿಮೆ. ಐಟಿಐ ಕೋರ್ಸುಗಳ ರಾಷ್ಟ್ರೀಯ ಪಟ್ಟಿಯಲ್ಲೇ ಮರೀನ್ ಫಿಟ್ಟರ್ ಎಂಬ ಟ್ರೇಡ್ ಇದೆ. ಬೈಂದೂರಿನಲ್ಲಿ ಮರೀನಾ ಕಟ್ಟುವ ಪ್ರಸ್ತಾವವೂ ಇದೆ. ಅದು ನಿಜವಾದರೆ ವಿಹಾರ ನೌಕೆಗಳನ್ನು ಎತ್ತುವ, ತೊಳೆಯುವ, ಕಟ್ಟುವ, ದುರಸ್ತಿ ಮಾಡುವ ಕೈಗಳು ಬೇಕೇ ಬೇಕಾಗುತ್ತವೆ. ಕೆರೆಯ ದಡದಲ್ಲಿ ಸರಿಯಾಗಿ ಕಲಿತವನಿಗೆ ಅಲ್ಲಿ ಬಾಗಿಲು ತೆರೆಯುತ್ತದೆ.

ಕಲಿಸುವವರಿಗೂ ಬರವಿಲ್ಲ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆ ಮತ್ತು ದೋಣಿ ಚಾಲನೆಯ ಕೋರ್ಸುಗಳನ್ನು ನಡೆಸುತ್ತದೆ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಇನ್ನೂ ಹತ್ತಿರದ ಅನುಭವ ಬೇಕೆಂದರೆ ಶರಾವತಿ ಹಿನ್ನೀರಿಗೆ ಹೋಗಬೇಕು. ಸಿಗಂದೂರಿಗೆ ಹೋಗಿಬಂದ ಎಲ್ಲರಿಗೂ ಹೊಳೆಬಾಗಿಲಿನ ಲಾಂಚ್ ಗೊತ್ತು. ಜನ, ಬೈಕು, ಕಾರು, ಬಸ್ಸು ಎಲ್ಲವನ್ನೂ ತೂಕ ನೋಡಿ ಎಡಬಲ ಸಮ ಮಾಡಿ ಹತ್ತಿಸುತ್ತಿದ್ದ ಅಲ್ಲಿನ ಸಿಬ್ಬಂದಿ ದಶಕಗಳ ಕಾಲ ಸಿಹಿನೀರಿನಲ್ಲಿ ದುಡಿದವರು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದಂತಾಗಿದ್ದ ಆ ಭಾಗದ ಜನರಿಗೆ ಅದು ದೊಡ್ಡ ಬಿಡುಗಡೆ, ಸಂತೋಷದ ಸಂಗತಿ. ಲಾಂಚ್ ಕಟ್ಟುವ, ಹಗ್ಗ ಎಸೆಯುವ, ಗಾಳಿ ಓದುವ ಲಾಂಚ್ ಸಿಬ್ಬಂದಿಯ ತಿಳಿವಳಿಕೆ ಮಾತ್ರ ಅಲ್ಲೇ ಮುಗಿದುಹೋಗಬಾರದು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಅಂಥವರನ್ನು ಬಯಲುಸೀಮೆಯ ಕೆರೆಗಳಿಗೆ ಗುರುಗಳನ್ನಾಗಿ ಕಳಿಸಲಿ.

ಕಾನೂನಿನ ಬಲವೂ ಈಗ ಮೊದಲಿಗಿಂತ ಹೆಚ್ಚಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಒಳನಾಡು ಹಡಗುಗಳ ಕಾಯ್ದೆ, 2021 ಬಂದಿದೆ. ಯಂತ್ರದ ದೋಣಿಗಳಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲವನ್ನೂ ಅದು ಹೇಳುತ್ತದೆ. ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ, ಪಂಚಾಯಿತಿಯವರೆಗೂ ಇಳಿದು, ದಾಖಲು ಮಾಡಲು ಅದರಲ್ಲಿ ಅವಕಾಶವಿದೆ. ಕೆರೆ ಇರುವ ಪಂಚಾಯಿತಿಗಳು ತಮ್ಮ ಹರಿಗೋಲುಗಳ, ಅವುಗಳನ್ನು ಕಟ್ಟಬಲ್ಲವರ ಪಟ್ಟಿ ಮಾಡಿಡಲು ಇದನ್ನೇ ನೆಪವಾಗಿ ಬಳಸಿಕೊಳ್ಳಬಹುದು. ನೆರೆ ಬಂದಾಗ, ಯಾರಾದರೂ ಮುಳುಗಿದಾಗ ಪೊಲೀಸರು ಮೊದಲು ಓಡಿ ಹುಡುಕುವುದು ಈ ಬೆಸ್ತರನ್ನೇ, ಗಂಗಾಮತಸ್ಥರನ್ನೇ. ಶವ ಎತ್ತಲು ಕರೆಯುವವರನ್ನು ಜೀವ ಉಳಿಸುವ ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳದಿರುವುದು ನಮಗೆ ಶೋಭೆಯಲ್ಲ.

ನೀರೇ ಇಲ್ಲದ ಮೇಲೆ ಇದೆಲ್ಲ ಎಲ್ಲಿಯ ಮಾತು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಸುಳ್ಳಲ್ಲ. ಹೇಮಾವತಿ ನೀರು ಎಷ್ಟು ಬರುತ್ತದೆ, ಯಾರಿಗೆ ಬರುತ್ತದೆ ಎಂಬುದರ ಮೇಲೆ ಗುಬ್ಬಿ, ಕುಣಿಗಲ್ ಎರಡೂ ಕಡೆ ಎಷ್ಟು ಬಿಸಿ ಇದೆ ಎಂಬುದನ್ನು ಹೇಮಾವತಿ ಲಿಂಕ್ ಕೆನಾಲ್ ವಿವಾದದಲ್ಲಿ ಎಲ್ಲರೂ ಕಂಡಿದ್ದಾರೆ. ಕೆರೆಯ ಮೊದಲ ಹಕ್ಕು ಕುಡಿಯುವವರದು, ಎರಡನೆಯದು ಗದ್ದೆ ತೋಟದವರದು. ದೋಣಿ ಅದರ ನಂತರ. ಆದರೆ ಕೆರೆ ಕೋಡಿ ಬಿದ್ದ ವರ್ಷ ಜನ ದಡಕ್ಕೆ ಬರುವುದನ್ನು ಯಾರೂ ತಡೆಯಲಾಗದು, ಗುತ್ತಿಗೆದಾರ ದೋಣಿ ತರುವುದೂ ಆಗಲೇ. ಅವಸರದಲ್ಲಿ ತಂದ ಹಳೆಯ ದೋಣಿ, ಅವಸರದಲ್ಲಿ ಹಿಡಿದು ತಂದ ಹುಡುಗರು. ತಯಾರಿ ಕೆರೆ ಬತ್ತಿದ ವರ್ಷದಲ್ಲೇ ಆಗಬೇಕು.

ಮಹಾನಗರ ಪಾಲಿಕೆ, ಪ್ರವಾಸೋದ್ಯಮ ಇಲಾಖೆ, ಮೀನುಗಾರಿಕೆ ಇಲಾಖೆ ಮತ್ತು ಕೆರೆ ಇರುವ ಪಂಚಾಯಿತಿಗಳವರು ಮುಂದಿನ ಬೋಟಿಂಗ್ ಟೆಂಡರ್‌ನಲ್ಲಿ ದೋಣಿಗಳ ಸಂಖ್ಯೆಗಿಂತ ಮೊದಲು ದಡದ ಸಿಬ್ಬಂದಿಯ ಸಂಖ್ಯೆ, ತರಬೇತಿ, ಸಂಬಳ ಮತ್ತು ವಿಮೆಯನ್ನು ಬರೆಯಲಿ. ಓದುಗರಲ್ಲಿ, ಮುಖ್ಯವಾಗಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೆ. ಹತ್ತುವ ಮೊದಲು ದೋಣಿಯ ತಳದಲ್ಲಿ ನೀರು ನಿಂತಿದೆಯೇ ನೋಡಿ. ಎಷ್ಟು ಜನರಿಗೆ ಎಂದು ದೋಣಿಯ ಮೇಲೆ ಬರೆದಿದೆಯೇ ನೋಡಿ, ತಲೆ ಎಣಿಸಿ. ಮಗುವಿನ ಅಳತೆಯ ಜಾಕೆಟ್ ಕೇಳಿ, ನೀವೇ ಬಕಲು ಹಾಕಿ, ಜಗ್ಗಿ ನೋಡಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಟಿಕೆಟಿನ ದುಡ್ಡು ಹೋದರೆ ಹೋಗಲಿ, ಮಕ್ಕಳನ್ನು ಇಳಿಸಿಕೊಂಡು ದಡದಲ್ಲೇ ಉಳಿಯಿರಿ.